ಸಮಾಜಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆ ನಾನು ಸಮಾಜಶಾಸ್ತ್ರ ಪಾಠ ಹೇಳುತ್ತೇನೆ. ಪದವಿ ಹಂತದ ಸಮಾಜಶಾಸ್ತ್ರದಲ್ಲಿ ಕ್ಷೇತ್ರಕಾರ್ಯವನ್ನು, ಅಂದರೆ ಊರು ಕೇರಿಗಳಿಗೆ ಹೋಗಿ ಜನರ ಬದುಕನ್ನು ನೋಡಿ, ಕೇಳಿ, ಬರೆದುಕೊಳ್ಳುವ ಅಧ್ಯಯನವನ್ನು, ಕಡ್ಡಾಯಗೊಳಿಸಬೇಕು. ವಿಜ್ಞಾನ ವಿಭಾಗದ ಪ್ರಾಯೋಗಿಕ ತರಗತಿಗಳಿಗೆ ದೊರೆಯುವಂತೆ ಅದಕ್ಕೂ ವೇಳಾಪಟ್ಟಿಯಲ್ಲಿ ಗಂಟೆಗಳು, ಬೋಧಕರಿಗೆ ಕಾರ್ಯಭಾರ ಮತ್ತು ಕಾಲೇಜಿಗೆ ಸಣ್ಣದೊಂದು ಅನುದಾನ ದೊರೆಯಬೇಕು ಎಂದು ಕೋರುವುದು ಈ ಪತ್ರದ ಉದ್ದೇಶ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನೂ ಸಲ್ಲಿಸಿತು. ಇಷ್ಟೆಲ್ಲ ಬದಲಾವಣೆಗಳ ನಡುವೆ ನಮ್ಮ ಸಭೆಗಳಲ್ಲಿ ಪತ್ರಿಕೆಗಳ ಹೆಸರು, ಕ್ರೆಡಿಟ್‌ಗಳ ಲೆಕ್ಕ ಮತ್ತು ಆಂತರಿಕ ಅಂಕಗಳ ಬಗ್ಗೆ ಬಹಳ ಮಾತಾಯಿತು. ಸಮಾಜವನ್ನು ಅರಿಯುವ ಕೆಲಸವನ್ನು ವಿದ್ಯಾರ್ಥಿ ಎಲ್ಲಿ, ಹೇಗೆ ಕಲಿಯಬೇಕು ಎಂಬುದರ ಬಗ್ಗೆ ಅಷ್ಟು ಮಾತಾಗಲಿಲ್ಲ ಎಂಬುದು ನನ್ನ ಅಳಲು.

ಇಂದಿನ ಸ್ಥಿತಿ ಹೀಗಿದೆ. ನಮ್ಮ ವಿದ್ಯಾರ್ಥಿ ಕುಟುಂಬ, ವಿವಾಹ, ಜಾತಿ, ವರ್ಗ, ಸಾಮಾಜೀಕರಣ, ಸಾಮಾಜಿಕ ಸ್ತರವಿನ್ಯಾಸ, ನಗರೀಕರಣ ಎಂಬ ಅಧ್ಯಾಯಗಳನ್ನು ಒಂದಾದ ಮೇಲೊಂದರಂತೆ ಓದುತ್ತಾನೆ. ಆಮೇಲೆ, ಇವುಗಳಿಗೆ ಸಂಬಂಧವೇ ಇಲ್ಲದ ಬೇರೊಂದು ವಿಷಯವೆಂಬಂತೆ, ಸಂಶೋಧನಾ ವಿಧಾನಗಳನ್ನು ಓದುತ್ತಾನೆ. "ಪ್ರಶ್ನಾವಳಿ ಎಂದರೇನು? ಅದರ ಗುಣದೋಷಗಳನ್ನು ವಿವರಿಸಿ" ಎಂಬ ಹತ್ತು ಅಂಕದ ಪ್ರಶ್ನೆಗೆ, ಒಂದೇ ಒಂದು ಪ್ರಶ್ನಾವಳಿಯನ್ನೂ ಸಿದ್ಧಪಡಿಸದ ವಿದ್ಯಾರ್ಥಿನಿ ಒಂಬತ್ತು ಅಂಕ ಪಡೆಯುವ ಉತ್ತರ ಬರೆಯುತ್ತಾಳೆ. ಸಹಭಾಗಿ ಅವಲೋಕನದ, ಅಂದರೆ ಜನರೊಳಗೆ ಬೆರೆತು ಗಮನಿಸುವ ವಿಧಾನದ, ಐದು ಲಕ್ಷಣಗಳನ್ನು ಕಂಠಪಾಠ ಮಾಡಿದವಳು ತನ್ನದೇ ಊರಿನ ಡೇರಿಯ ಮುಂದೆ ಬೆಳಿಗ್ಗೆ ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಕ್ಯಾನು ಮೊದಲು ಅಳತೆಗೆ ಹೋಗುತ್ತದೆ ಎಂಬುದನ್ನು ಗಮನಿಸಿ ಬರೆಯುವ ಅವಕಾಶವನ್ನೇ ಪಡೆದಿರುವುದಿಲ್ಲ. ಇದು ಅವಳ ತಪ್ಪಲ್ಲ. ಅಂಥ ಕೆಲಸವನ್ನು ಕೇಳುವ ಗಂಟೆ ನಮ್ಮ ವೇಳಾಪಟ್ಟಿಯಲ್ಲಿ ಇಲ್ಲ.

ಮಂಡ್ಯದಲ್ಲಿ ಕುಳಿತು ಇದನ್ನು ಬರೆಯುವಾಗ ನನಗೆ ಹೆಚ್ಚು ನೋವಾಗುವುದಕ್ಕೆ ಕಾರಣವಿದೆ. ಜಗತ್ತಿನ ಸಮಾಜ ವಿಜ್ಞಾನಿಗಳು ಇಂದಿಗೂ ನೆನೆಯುವ ಒಂದು ಅಧ್ಯಯನ ನಡೆದದ್ದು ಇಲ್ಲಿಯೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯ ಸುತ್ತಲಿನ ಎರಡು ಹಳ್ಳಿಗಳಲ್ಲಿ ನೆಲೆಸಿ ಕೆಲಸ ಮಾಡಿದರು. ಆ ಊರುಗಳಿಗೆ ಅವರು ವಂಗಲ, ದಲೇನ ಎಂಬ ಗುಪ್ತನಾಮಗಳನ್ನಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ದಲೇನ ಎತ್ತರದಲ್ಲಿದ್ದುದರಿಂದ ನಾಲೆಯ ನೀರು ಅಲ್ಲಿಗೆ ಹತ್ತಲಿಲ್ಲ, ಸುತ್ತಲ ಊರುಗಳಿಗೆ ಹರಿಯಿತು. ನೀರು ಬಂದ ಊರೇ ಹೆಚ್ಚು ಬದಲಾಗಿರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಪ್‌ಸ್ಟೈನ್ ಕಂಡದ್ದು ಬೇರೆ. ವಂಗಲದಲ್ಲಿ ಕಬ್ಬು ಬಂದು ಕೈಯಲ್ಲಿ ಹಣ ಓಡಾಡಿದರೂ ಬೇಸಾಯವೇ ಬದುಕಾಗಿ ಉಳಿದದ್ದರಿಂದ ಒಡೆಯ ಮತ್ತು ಆಳಿನ ವಂಶಪಾರಂಪರ್ಯದ ಸಂಬಂಧಗಳು, ಊರಿನ ಯಜಮಾನಿಕೆ ಬಹುಮಟ್ಟಿಗೆ ಹಾಗೆಯೇ ನಿಂತವು. ನೀರು ಕಾಣದ ದಲೇನದ ಜನ ಗಾಡಿ ಹೂಡಿ ಕಬ್ಬು ಸಾಗಿಸಿದರು, ಮಂಡ್ಯದಲ್ಲಿ ಕೆಲಸ ಹುಡುಕಿದರು, ನೀರಾವರಿಯಿದ್ದ ಪಕ್ಕದ ಊರುಗಳಲ್ಲಿ ಜಮೀನು ಕೊಂಡರು. ಆ ಊರಿನ ಹಳೆಯ ಕಟ್ಟುಗಳು ಸಡಿಲಗೊಂಡವು. 1970ರಲ್ಲಿ ಅವರು ಅದೇ ಊರುಗಳಿಗೆ ಮರಳಿ ಬಂದು ನಡುವೆ ಏನಾಯಿತೆಂದು ಮತ್ತೆ ನೋಡಿದರು.

ಈ ಅಧ್ಯಯನದಲ್ಲಿ ವಿಧಾನವೂ ವಿಷಯವೂ ಬೇರೆ ಬೇರೆಯಾಗಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಒಂದೇ ಊರನ್ನು ನೋಡಿದ್ದರೆ ಸಿಗದ ಉತ್ತರ, ಎರಡನ್ನು ಹೋಲಿಸಿದ್ದರಿಂದ ಸಿಕ್ಕಿತು. ಮನೆಗಳ ಆದಾಯ ಮತ್ತು ಖರ್ಚಿನ ಲೆಕ್ಕವನ್ನಷ್ಟೇ ತೆಗೆದಿದ್ದರೆ ಎರಡೂ ಊರುಗಳಲ್ಲಿ ಹಣ ಹೆಚ್ಚಾದದ್ದು ಕಾಣುತ್ತಿತ್ತೇ ಹೊರತು, ಆ ಹಣ ಒಂದು ಊರಿನ ಸಂಬಂಧಗಳನ್ನು ಬಿಗಿಗೊಳಿಸಿ ಇನ್ನೊಂದರವನ್ನು ಸಡಿಲಿಸಿದ್ದು ಕಾಣುತ್ತಿರಲಿಲ್ಲ. ಅದಕ್ಕೆ ಊರಿನಲ್ಲಿ ವಾಸವಿದ್ದು ಹಬ್ಬ, ಜಗಳ, ಪಂಚಾಯಿತಿಗಳನ್ನು ನೋಡಬೇಕಾಯಿತು. ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಇಂಥ ಪ್ರಶ್ನೆಯನ್ನು ಇಂದು ಮತ್ತೆ ಕೇಳಬಲ್ಲರು. ನಾಲೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಕಾಯುವ ಊರು, ಬೆಂಗಳೂರಿಗೆ ದಿನವೂ ದುಡಿಯಲು ಹೋಗಿಬರುವ ಊರು, ಆಲೆಮನೆಗಳಿಗೆ ಹೊರರಾಜ್ಯಗಳ ಕಾರ್ಮಿಕರು ಬಂದು ನೆಲೆಸಿದ ಊರು, ಇವುಗಳ ನಡುವಿನ ಹೋಲಿಕೆಗೆ ದೊಡ್ಡ ಅನುದಾನ ಬೇಕಿಲ್ಲ. ತರಬೇತಿ ಬೇಕು, ಸಮಯ ಬೇಕು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಹೆಸರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಸಂಸ್ಕೃತೀಕರಣ (ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲಿನ ಸ್ಥಾನ ಬಯಸುವುದು) ಮತ್ತು ಪ್ರಬಲ ಜಾತಿ (ಸಂಖ್ಯೆ, ಜಮೀನುಗಳ ಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ) ಎಂಬ ಪರಿಕಲ್ಪನೆಗಳು ಅವರಿಗೆ ಬಾಯಿಪಾಠ. ಈ ಪರಿಕಲ್ಪನೆಗಳ ಹಿಂದೆ ಕೊಡಗಿನ ಅಧ್ಯಯನವೂ, 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಅವರು ಕಳೆದ ತಿಂಗಳುಗಳೂ ಇವೆ ಎಂಬುದು ಮಾತ್ರ ಉತ್ತರ ಪತ್ರಿಕೆಗಳಲ್ಲಿ ಕಾಣುವುದಿಲ್ಲ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಯಲ್ಲಿ ವರ್ಷಗಳ ಕಾಲ ಅವರು ಸಂಸ್ಕರಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಆ ಊರನ್ನು ಅವರು ಮುಖ್ಯವಾಗಿ ನೆನಪಿನಿಂದಲೇ ಬರೆದರು. ತಾನು ಮೇಲ್ಜಾತಿಯ ಗಂಡಸಾಗಿ ಆ ಊರಿಗೆ ಹೋದದ್ದರಿಂದ ತನಗೆ ಕಂಡ ಊರೂ ಬಹುಮಟ್ಟಿಗೆ ಮೇಲ್ಜಾತಿಯ ಗಂಡಸರು ಕಂಡ ಊರೇ ಎಂಬುದನ್ನು ಅವರು ಮರೆಮಾಚಲಿಲ್ಲ. ಸಂಶೋಧಕ ಯಾವ ಬೀದಿಯಿಂದ ಊರೊಳಗೆ ಬರುತ್ತಾನೆ, ಯಾರ ಜಗಲಿಯ ಮೇಲೆ ಮೊದಲು ಕೂರುತ್ತಾನೆ ಎಂಬುದರ ಮೇಲೆ ಅವನಿಗೆ ಸಿಗುವ ಮಾಹಿತಿ ನಿಂತಿರುತ್ತದೆ. ನಮ್ಮ ಕಾಲೇಜುಗಳಿಗೆ ಇಂದು ದಲಿತ ಕೇರಿಗಳಿಂದ, ಅಲೆಮಾರಿ ಸಮುದಾಯಗಳಿಂದ, ಮುಸ್ಲಿಂ ಮೊಹಲ್ಲಾಗಳಿಂದ ಮೊದಲ ತಲೆಮಾರಿನ ವಿದ್ಯಾರ್ಥಿಗಳು, ಅದರಲ್ಲೂ ಹೆಣ್ಣುಮಕ್ಕಳು ಬರುತ್ತಿದ್ದಾರೆ. ಶ್ರೀನಿವಾಸ್ ಅವರಿಗೆ ತೆರೆಯದಿದ್ದ ಬಾಗಿಲುಗಳು ಇವರ ಮನೆಯ ಬಾಗಿಲುಗಳೇ. ಇವರ ಕೈಗೆ ವಿಧಾನದ ಶಿಸ್ತನ್ನು ಕೊಡದೆ ವ್ಯಾಖ್ಯೆಗಳನ್ನಷ್ಟೇ ಕೊಡುವುದು, ಕನ್ನಡದ ಸಮಾಜಶಾಸ್ತ್ರಕ್ಕೆ ನಾವು ಮಾಡುತ್ತಿರುವ ಬಹುದೊಡ್ಡ ನಷ್ಟ ಎಂದು ನಾನು ತಿಳಿಯುತ್ತೇನೆ.

ಇದು ಕಾಲೇಜಿನ ಒಳಗಷ್ಟೇ ಮುಗಿಯುವ ಮಾತಲ್ಲ. ತಮ್ಮ ಸರ್ಕಾರವೇ 2025ರಲ್ಲಿ ಎರಡು ದೊಡ್ಡ ಸಮೀಕ್ಷೆಗಳನ್ನು ನಡೆಸಿತು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗ ಪರಿಶಿಷ್ಟ ಜಾತಿಗಳ ಸಮೀಕ್ಷೆ ಕೈಗೊಂಡದ್ದಕ್ಕೆ ಒಂದು ಮುಖ್ಯ ಕಾರಣ ವರ್ಗೀಕರಣದ ತೊಡಕು: ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದು ದಾಖಲಾದವರಲ್ಲಿ ಹೊಲೆಯರೂ ಇದ್ದರು, ಮಾದಿಗರೂ ಇದ್ದರು, ಆ ಗುರುತಿನೊಳಗೆ ಯಾರಿದ್ದಾರೆಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿತ್ತು. ಹಳೆಯ ಅಂಕಿಗಳಲ್ಲಿ ಎಣಿಕೆ ಸರಿಯಾಗಿಯೇ ಇದ್ದರೂ ಕೇಳಬೇಕಾದದ್ದನ್ನು ಕೇಳಿರಲಿಲ್ಲ. ಸೆಪ್ಟೆಂಬರ್ 22ರಂದು ಆರಂಭವಾದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು, ಮನೆ ಮನೆಗೆ ಹೋದವರು ಬಹುತೇಕ ಶಾಲಾ ಶಿಕ್ಷಕರು. ಜಾತಿಗಳ ಪಟ್ಟಿಯಲ್ಲಿ ಯಾವುದಿರಬೇಕು, ಯಾವುದಿರಬಾರದು ಎಂಬ ವಿವಾದವೂ, ಉತ್ತರಿಸುವುದು ಜನರ ಇಚ್ಛೆಗೆ ಬಿಟ್ಟದ್ದು ಎಂಬ ಹೈಕೋರ್ಟಿನ ನಿರ್ದೇಶನವೂ ತಮಗೆ ತಿಳಿದೇ ಇದೆ. ವರ್ಗೀಕರಣ, ಪ್ರಶ್ನೆಗಳ ಪೂರ್ವಪರೀಕ್ಷೆ, ಉತ್ತರದಾತರ ಒಪ್ಪಿಗೆ, ಗೋಪ್ಯತೆ, ಇವು ನಮ್ಮ ವಿಧಾನಶಾಸ್ತ್ರದ ಪಾಠದ ತಲೆಬರಹಗಳು. ಇವೇ ಆ ವಾರಗಳಲ್ಲಿ ಪತ್ರಿಕೆಗಳ ಮುಖಪುಟದಲ್ಲಿದ್ದವು. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ನೀಡಿದ ಎಲ್.ಜಿ. ಹಾವನೂರ ಅವರ ಹಿಂದುಳಿದ ವರ್ಗಗಳ ಆಯೋಗದ ಕಾಲದಿಂದಲೂ ಈ ನಾಡಿನ ಸಾಮಾಜಿಕ ನ್ಯಾಯ ಸಮೀಕ್ಷೆಯ ಮೇಲೆ ನಿಂತಿದೆ. 2027ರ ಜನಗಣತಿಯಲ್ಲಿ, 1931ರ ನಂತರ ಮೊದಲ ಬಾರಿಗೆ, ಎಲ್ಲ ಜಾತಿಗಳ ಎಣಿಕೆಯೂ ಸೇರಲಿದೆ. ಇಷ್ಟು ಸಮೀಕ್ಷೆಗಳನ್ನು ನೆಚ್ಚಿಕೊಂಡಿರುವ ರಾಜ್ಯದಲ್ಲಿ, ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಿದ್ದೂ, ಸಮೀಕ್ಷೆ ಮಾಡುವುದನ್ನು ಮತ್ತು ಓದುವುದನ್ನು ಬಲ್ಲ ಪದವೀಧರರನ್ನು ನಾವು ತಯಾರು ಮಾಡದಿರುವುದು ಸರಿಯಲ್ಲ.

ಸಮೀಕ್ಷೆ ಒಂದೇ ಸಾಲದು ಎಂಬುದನ್ನೂ ಹೇಳಬೇಕು. "ನೀವೇನು ಕೆಲಸ ಮಾಡುತ್ತೀರಿ?" ಎಂದು ಕೇಳಿದರೆ ನಮ್ಮ ಕಡೆಯ ಹೆಂಗಸರು ಸಾಮಾನ್ಯವಾಗಿ "ಏನೂ ಇಲ್ಲ, ಮನೇಲೇ ಇರ್ತೀನಿ" ಎನ್ನುತ್ತಾರೆ. ಹಾಗೆ ಹೇಳಿದವರು ಅಂದು ಬೆಳಿಗ್ಗೆ ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ, ರೇಷ್ಮೆ ಹುಳುಗಳಿಗೆ ಸೊಪ್ಪು ಕೊಟ್ಟು ಬಂದಿರುತ್ತಾರೆ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂದು ಗಂಟೆ ಗಂಟೆಯ ಲೆಕ್ಕ ಕೇಳಿದಾಗ ಬರುವ ಉತ್ತರವೇ ಬೇರೆ. ಸುಮ್ಮನೆ ಒಂದು ದಿನ ಜೊತೆಗಿದ್ದರೆ ಕಾಣುವುದು ಇನ್ನೂ ಬೇರೆ. ಹಾಗೆಯೇ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಎಷ್ಟು ಟಿಕೆಟ್ ಹರಿದರು ಎಂಬ ಲೆಕ್ಕ ಸಾರಿಗೆ ನಿಗಮಗಳ ಬಳಿ ಇದೆ. ಆ ಬಸ್ಸಿನಲ್ಲಿ ಕುಳಿತ ಹೆಣ್ಣುಮಗಳು ಹಿಂದೆ ಯಾರನ್ನು ಕೇಳಿ ಮನೆ ಬಿಡುತ್ತಿದ್ದಳು, ಈಗ ಯಾರನ್ನು ಕೇಳುತ್ತಾಳೆ ಎಂಬುದಕ್ಕೆ ಅವಳ ಜೊತೆ ಕುಳಿತು ಮಾತಾಡಿಸಬೇಕು. ತಮ್ಮ ಸರ್ಕಾರದ ಯೋಜನೆಗಳು ಕುಟುಂಬದೊಳಗೆ ಏನು ಮಾಡುತ್ತಿವೆ ಎಂಬುದನ್ನು ಅರಿಯಲು ನಮ್ಮ ವಿದ್ಯಾರ್ಥಿನಿಯರಿಗಿಂತ ಹತ್ತಿರದವರು ಯಾರೂ ಇಲ್ಲ.

ಅಂಕಿಗಳನ್ನು ನಂಬುವ ಮೊದಲು ಅವು ಹುಟ್ಟಿದ ಬಗೆಯನ್ನು ಕೇಳಬೇಕೆಂಬುದಕ್ಕೆ ಇನ್ನೂ ಕಠಿಣವಾದ ಉದಾಹರಣೆಯಿದೆ. ಆತ್ಮಹತ್ಯೆಯ ಪ್ರಮಾಣ ವ್ಯಕ್ತಿಯ ಮನಸ್ಸಿಗಷ್ಟೇ ಅಲ್ಲ, ಸಮಾಜದ ಬಂಧಗಳಿಗೂ ಸಂಬಂಧಿಸಿದ್ದು ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಯುರೋಪಿನ ಅಂಕಿ ಅಂಶಗಳಿಂದ ತೋರಿಸಿದರು. ಸಾವುಗಳು ದಾಖಲಾಗುವ ರೀತಿಯೇ ಊರಿಂದೂರಿಗೆ ಬೇರೆಯಾದರೆ ಆ ಅಂಕಿಗಳ ಗತಿಯೇನು ಎಂದು ನಂತರದವರು ಕೇಳಿದರು. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಸಾವುಗಳನ್ನು ಕಂಡ ನಮಗೆ ಈ ಪ್ರಶ್ನೆ ದೂರದ್ದಲ್ಲ. ಪಹಣಿ ಗಂಡನ ಅಥವಾ ಮಾವನ ಹೆಸರಿನಲ್ಲಿರುವಾಗ ಹೊಲದಲ್ಲೇ ಬದುಕು ಸವೆಸಿದ ಹೆಣ್ಣುಮಗಳ ಸಾವು ರೈತರ ಸಾವೆಂದು ದಾಖಲಾಗುವುದು ಕಷ್ಟ; ಪಾಲಿಗೆ ಅಥವಾ ಗುತ್ತಿಗೆಗೆ ಜಮೀನು ಮಾಡುವವರ ಪಾಡೂ ಅದೇ. ಇಂಥ ವಿಷಯಕ್ಕೆ ಎಳೆಯ ವಿದ್ಯಾರ್ಥಿಗಳನ್ನು ಮಾರ್ಗದರ್ಶನವಿಲ್ಲದೆ ಕಳಿಸಬಾರದು, ನೊಂದ ಮನೆಯ ಬಾಗಿಲು ತಟ್ಟುವ ಹಕ್ಕು ಯಾವ ಪ್ರಾಜೆಕ್ಟಿಗೂ ತಾನಾಗಿ ಬರುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಅದಕ್ಕಾಗಿಯೇ, ಕ್ಷೇತ್ರಕಾರ್ಯದ ಜೊತೆಗೆ ಅದರ ನೀತಿನಿಯಮಗಳೂ ಬರಬೇಕು: ಯಾರನ್ನು ಏಕೆ ಕೇಳುತ್ತಿದ್ದೇವೆ ಎಂದು ಮೊದಲೇ ತಿಳಿಸುವುದು, ಬೇಡವೆಂದವರನ್ನು ಅಲ್ಲಿಗೇ ಬಿಡುವುದು, ಹೆಸರು ಮತ್ತು ಗುರುತು ಬದಲಿಸುವುದು, ಜಾತಿ ಸೂಕ್ಷ್ಮದ ಊರುಗಳಲ್ಲಿ ವಿದ್ಯಾರ್ಥಿಯ ಸುರಕ್ಷತೆಯನ್ನೂ ನೋಡುವುದು.

ಹಾಗಾದರೆ ಏನು ಮಾಡಬೇಕು? ಮೂರು ವರ್ಷದ ಪದವಿಯಲ್ಲಿ ಕನಿಷ್ಠ ಎರಡು ಸೆಮಿಸ್ಟರ್‌ಗಳಲ್ಲಿ ವಾರಕ್ಕೆ ನಾಲ್ಕು ಗಂಟೆಯ ಕ್ಷೇತ್ರ ತರಗತಿ ಇರಲಿ; ಪ್ರಾಯೋಗಿಕ ತರಗತಿಗಳಂತೆ ವಿದ್ಯಾರ್ಥಿಗಳನ್ನು ಸಣ್ಣ ತಂಡಗಳಾಗಿ ಹಂಚಲು ಅವಕಾಶವಿರಲಿ. ಪ್ರತಿ ಕಾಲೇಜೂ ತನ್ನ ಆಸುಪಾಸಿನ ಒಂದು ಹಳ್ಳಿಯನ್ನೋ ವಾರ್ಡನ್ನೋ ಆಯ್ದುಕೊಂಡು, ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ತಂಡಗಳ ಮೂಲಕ ಅದನ್ನೇ ಅಧ್ಯಯನ ಮಾಡಲಿ. ಹತ್ತು ವರ್ಷದಲ್ಲಿ ನಾಡಿನಾದ್ಯಂತ ನೂರಾರು ಊರುಗಳ ಬದಲಾವಣೆಯ ದಾಖಲೆ ಕನ್ನಡದಲ್ಲೇ ಸಿದ್ಧವಾಗುತ್ತದೆ. ಆ ಟಿಪ್ಪಣಿಗಳನ್ನು ಗುರುತು ಮರೆಸಿ, ಒಂದಕ್ಕಿಂತ ಹೆಚ್ಚು ಕಡೆ ಕಾಪಿಡುವ ವ್ಯವಸ್ಥೆಯನ್ನು ಯಾವುದಾದರೊಂದು ವಿಶ್ವವಿದ್ಯಾಲಯಕ್ಕೆ ವಹಿಸಿ. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಲ್ಲಿ ಪ್ರತಿಚಯನ (ಎಲ್ಲರ ಬದಲು ಕೆಲವರನ್ನು ಕ್ರಮಬದ್ಧವಾಗಿ ಆಯ್ದು ಅಧ್ಯಯನ ಮಾಡುವುದು), ಪ್ರಶ್ನಾವಳಿ ರಚನೆ, ಸಂದರ್ಶನಗಳ ಬಗ್ಗೆ ಪದವಿ ಬೋಧಕರಿಗೆ ಕನ್ನಡದಲ್ಲಿ ಬೇಸಿಗೆ ತರಬೇತಿ ಏರ್ಪಡಿಸಬಹುದು. ಕರ್ನಾಟಕದ ಊರುಗಳ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಮುಖ್ಯ ಅಧ್ಯಯನಗಳ ಆಯ್ದ ಭಾಗಗಳನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಮೂಲಕ ಕನ್ನಡಕ್ಕೆ ತರಿಸಿ, ಪಠ್ಯವಾಗಿ ಕೊಡಬಹುದು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಬೋಧಕರ ಹುದ್ದೆಗಳ ಭರ್ತಿ. ನಮ್ಮ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ, ತರಗತಿಯ ಗಂಟೆಗಳಿಗಷ್ಟೇ ಸಂಬಳ ಪಡೆಯುವವರು, ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಊರಿನ ವಿಶ್ವಾಸವನ್ನು ವರ್ಷಗಟ್ಟಲೆ ಕಟ್ಟುವುದಾದರೂ ಹೇಗೆ? ಕ್ಷೇತ್ರಕಾರ್ಯದ ಗಂಟೆಗಳನ್ನು ಅವರ ಕಾರ್ಯಭಾರಕ್ಕೆ ಸೇರಿಸಿ, ಪ್ರಯಾಣದ ಖರ್ಚನ್ನು ಕಾಲೇಜಿನಿಂದ ಭರಿಸುವಂತೆ ಆದೇಶ ಹೊರಡಿಸಿದರೆ ಅದೊಂದು ಆರಂಭ.

ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿಯನ್ನು ಆಧರಿಸಿ ಪಠ್ಯಕ್ರಮಗಳು ಮತ್ತೆ ರೂಪುಗೊಳ್ಳುವ ಮುನ್ನ, ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ ಅಧ್ಯಯನ ಮಂಡಳಿಗಳ ಜೊತೆಗೆ ಗ್ರಾಮಾಂತರ ಸರ್ಕಾರಿ ಕಾಲೇಜುಗಳ ಬೋಧಕರನ್ನೂ, ಕೆಲವು ವಿದ್ಯಾರ್ಥಿಗಳನ್ನೂ ಕರೆದು ಈ ಒಂದೇ ವಿಷಯದ ಮೇಲೆ ಸಭೆ ನಡೆಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಎರಡು ಸೆಮಿಸ್ಟರ್‌ಗಳ ಕ್ಷೇತ್ರ ಪತ್ರಿಕೆಯ ಕರಡು, ನೀತಿನಿಯಮಗಳ ಒಂದು ಪುಟ ಮತ್ತು ಒಂದು ಕಾಲೇಜಿಗೆ ತಗಲುವ ವೆಚ್ಚದ ಅಂದಾಜನ್ನು ನಾವು ಕೆಲವು ಬೋಧಕರು ಸೇರಿ ಸಿದ್ಧಪಡಿಸಿದ್ದೇವೆ. ತಾವು ಸಮಯ ಕೊಟ್ಟ ದಿನ ಅವುಗಳನ್ನು ತಂದು ತಮ್ಮ ಮುಂದಿಡುತ್ತೇವೆ.

ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ಸಮಾಜಶಾಸ್ತ್ರದ ಒಬ್ಬ ಉಪನ್ಯಾಸಕ
ಮಂಡ್ಯ ಜಿಲ್ಲೆ