ತಾಯಿಯ ಗುರಿಗೆ ನಿದ್ದೆಯ ಗಂಟೆಯೇ ಏಕೆ?

ಮಾನ್ಯ ಸಂಪಾದಕರೇ,

ಬಿಡುವಿಲ್ಲದ ತಾಯಂದಿರು ತಮ್ಮ ವೈಯಕ್ತಿಕ ಗುರಿಗಳನ್ನು ಹೇಗೆ ಸಾಧಿಸಿಕೊಳ್ಳಬೇಕೆಂಬ ಬಗ್ಗೆ ಮಹಿಳಾ ಪುರವಣಿಗಳಲ್ಲಿ ಬರುವ ಲೇಖನಗಳನ್ನು ನಾನು ಹಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಅವುಗಳಲ್ಲಿ ಬಹುಪಾಲು ಒಂದೇ ಸಲಹೆಗೆ ಬಂದು ನಿಲ್ಲುತ್ತವೆ: ಮನೆಯವರೆಲ್ಲ ಏಳುವುದಕ್ಕೆ ಒಂದೆರಡು ಗಂಟೆ ಮೊದಲೇ ಎದ್ದುಬಿಡಿ, ಆ ವೇಳೆ ನಿಮ್ಮದೇ. ಸದುದ್ದೇಶದಿಂದಲೇ ಕೊಟ್ಟಿರುವ ಈ ಸಲಹೆಯನ್ನು ಸುಮಾರು ಎಂಟು ತಿಂಗಳು ಚಾಚೂ ತಪ್ಪದೆ ಪಾಲಿಸಿದವಳು ನಾನು. ಅದರಿಂದ ಆದದ್ದೇನು, ಅದನ್ನು ಕೈಬಿಟ್ಟ ಮೇಲೆ ಆದದ್ದೇನು ಎಂಬುದನ್ನು, ಮಕ್ಕಳು, ಮನೆ, ಉದ್ಯೋಗಗಳ ನಡುವೆ ತಮ್ಮದೊಂದು ಆಸೆಯನ್ನು ಜೋಪಾನ ಮಾಡಿಕೊಂಡು ಬಂದಿರುವ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಇಬ್ಬರು ಮಕ್ಕಳು. ಮಗಳು ಹುಟ್ಟುವ ಹೊತ್ತಿಗೆ ಸ್ನಾತಕೋತ್ತರ ಪದವಿಯ ಮೊದಲ ವರ್ಷವನ್ನು ಮುಗಿಸಿದ್ದೆ. ಎರಡನೆಯ ವರ್ಷದ ಪುಸ್ತಕಗಳು ಮುಂದಿನ ಒಂಬತ್ತು ವರ್ಷ ಕಪಾಟಿನ ಮೇಲಿನ ಖಾನೆಯಿಂದ ಕೆಳಗಿಳಿಯಲಿಲ್ಲ. ಮಗ ಶಾಲೆಗೆ ಸೇರಿದ ವರ್ಷ, ಹೊಸ ಡೈರಿಯ ಮೊದಲ ಪುಟದಲ್ಲಿ ಏಳು ಗುರಿಗಳನ್ನು ಬರೆದುಕೊಂಡೆ. ಪದವಿ ಮುಗಿಸುವುದು, ತೂಕ ಇಳಿಸುವುದು, ದಿನವೂ ನಡೆಯಲು ಹೋಗುವುದು, ತಿಂಗಳಿಗೆ ಎರಡು ಪುಸ್ತಕ ಓದುವುದು, ಒಂದಿಷ್ಟು ಹಣ ಉಳಿಸುವುದು, ಅರ್ಧಕ್ಕೆ ಬಿಟ್ಟ ಸಂಗೀತವನ್ನು ಮತ್ತೆ ಕಲಿಯುವುದು, ಮಕ್ಕಳ ಮೇಲೆ ಸಿಟ್ಟಾಗದಿರುವುದು. ಇಷ್ಟಕ್ಕೆಲ್ಲ ವೇಳೆ ಎಲ್ಲಿಂದ ಬರಬೇಕು ಎಂದು ಹುಡುಕಿದಾಗ ಕಂಡದ್ದು ಬೆಳಗಿನ ನಾಲ್ಕೂವರೆ ಗಂಟೆ ಮಾತ್ರ. ರಾತ್ರಿ ಹನ್ನೊಂದಕ್ಕಿಂತ ಮುಂಚೆ ಮಲಗುವ ಹಾಗಿರಲಿಲ್ಲ. ಹೀಗಾಗಿ ನಿದ್ದೆ ಐದೂವರೆ ಗಂಟೆಗೆ ಇಳಿಯಿತು. ಮೊದಲ ಒಂದು ತಿಂಗಳು ಉತ್ಸಾಹವೇ ನಡೆಸಿಕೊಂಡು ಹೋಯಿತು. ಮೂರನೆಯ ತಿಂಗಳ ಹೊತ್ತಿಗೆ ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ಮಕ್ಕಳು ಬಂದು ಏನಾದರೂ ಕೇಳಿದರೆ ಸಿಡುಕುತ್ತಿದ್ದೆ. ಏಳು ಗುರಿಗಳಲ್ಲಿ ಎಲ್ಲಕ್ಕಿಂತ ಮೊದಲು ಮುರಿದುಬಿದ್ದದ್ದು ಸಿಟ್ಟಾಗಬಾರದೆಂಬ ಆ ಕೊನೆಯದು, ಮತ್ತು ನನಗೆ ಇಂದಿಗೂ ನೋವು ಕೊಡುವುದು ಅದೇ. ಎಂಟನೆಯ ತಿಂಗಳಲ್ಲಿ ಬಂದ ಪರೀಕ್ಷೆಯಲ್ಲಿ ನಾಲ್ಕು ಪತ್ರಿಕೆಗಳ ಪೈಕಿ ಮೂರರಲ್ಲಿ ಅನುತ್ತೀರ್ಣಳಾದೆ.

ನನ್ನಲ್ಲಿ ಶಿಸ್ತು ಸಾಲದೆಂದು ಆಗ ನಂಬಿದ್ದೆ. ಆ ನಂಬಿಕೆ ತಪ್ಪೆಂದು ತಿಳಿಯಲು ಬಹಳ ದಿನ ಬೇಕಾಯಿತು. ವಯಸ್ಕರು ಆರೋಗ್ಯವಾಗಿರಲು ದಿನಕ್ಕೆ ಕನಿಷ್ಠ 7 ಗಂಟೆ ನಿಯಮಿತವಾಗಿ ನಿದ್ರಿಸಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ತಜ್ಞರ ಎರಡು ಸಂಸ್ಥೆಗಳು ಒಟ್ಟಾಗಿ 2015ರಲ್ಲಿ ಶಿಫಾರಸು ಮಾಡಿವೆ. ಹಗಲಿನಲ್ಲಿ ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ಬಹುಮಟ್ಟಿಗೆ ನಿದ್ದೆಯಲ್ಲೇ. ಹಾಗಿರುವಾಗ ಓದಲಿಕ್ಕೆಂದು ನಿದ್ದೆಯನ್ನು ಕಡಿದವಳು, ಓದಿದ್ದನ್ನು ಉಳಿಸಿಕೊಳ್ಳುವ ಶಕ್ತಿಯನ್ನೂ ಅದರ ಜೊತೆಗೇ ಕಡಿದುಕೊಳ್ಳುತ್ತಾಳೆ. ನಸುಕಿನಲ್ಲಿ ಏಳುವುದನ್ನು ನಾನು ವಿರೋಧಿಸುತ್ತಿಲ್ಲ. ರಾತ್ರಿ ಒಂಬತ್ತೂವರೆಗೆ ಮಲಗಲು ಸಾಧ್ಯವಿರುವವರಿಗೆ ಅದು ಒಳ್ಳೆಯ ಹೊತ್ತೇ. ಆದರೆ ಒಂಬತ್ತೂವರೆಗೆ ಮಲಗಲು ಸಾಧ್ಯವಾಗಬೇಕಾದರೆ ಆಮೇಲಿನ ಕೆಲಸವನ್ನು ಬೇರೆ ಯಾರೋ ಮಾಡಬೇಕಲ್ಲ? ಲೇಖನಗಳು ಕೇಳದೆ ಬಿಡುವ ಪ್ರಶ್ನೆ ಇದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2018ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಜಗತ್ತಿನ ಮಹಿಳೆಯರು ಸರಾಸರಿ ದಿನಕ್ಕೆ 4 ಗಂಟೆ 25 ನಿಮಿಷ ವ್ಯಯಿಸುತ್ತಾರೆ; ಪುರುಷರು 1 ಗಂಟೆ 23 ನಿಮಿಷ. ನಡುವಿನ ಅಂತರ 3 ಗಂಟೆ 2 ನಿಮಿಷ. ಈ ಲೆಕ್ಕವನ್ನು ಓದಿದ ದಿನ ನಾನು ಕಾಗದ ತೆಗೆದುಕೊಂಡು ನಮ್ಮ ಮನೆಯ ಒಂದು ವಾರದ ಲೆಕ್ಕವನ್ನು ಬರೆಯತೊಡಗಿದೆ. ಯಾರ ಮೇಲೂ ತಪ್ಪು ಹೊರಿಸುವ ಉದ್ದೇಶ ಅದರಲ್ಲಿರಲಿಲ್ಲ. ವಾರ ಮುಗಿದಾಗ ನಮ್ಮ ಅಂತರ ಜಾಗತಿಕ ಸರಾಸರಿಗಿಂತ ಸ್ವಲ್ಪ ಹೆಚ್ಚೇ ಇತ್ತು. ನಾವಿಬ್ಬರೂ ಪೂರ್ಣಾವಧಿಯ ಉದ್ಯೋಗದಲ್ಲಿರುವವರು. ಆ ಹಾಳೆಯನ್ನು ನೋಡಿ ನನ್ನ ಪತಿ ವಾದಿಸಲಿಲ್ಲ. ಅವರು ಕೆಟ್ಟವರಲ್ಲ, ಅವರಿಗೆ ಅದು ಕಂಡೇ ಇರಲಿಲ್ಲ, ನನಗೂ ಬರೆದಿಡುವ ತನಕ ಪೂರ್ತಿಯಾಗಿ ಕಂಡಿರಲಿಲ್ಲ. ನನ್ನ ಗುರಿಗೆ ಬೇಕಾದ ಒಂದು ಗಂಟೆಯನ್ನು ನಿದ್ದೆಯಿಂದಲ್ಲ, ಈ ಮೂರು ಗಂಟೆಯ ಅಂತರದಿಂದ ತೆಗೆದುಕೊಳ್ಳಬೇಕು ಎಂಬುದು ಆಗ ನಮ್ಮಿಬ್ಬರಿಗೂ ಸ್ಪಷ್ಟವಾಯಿತು.

ಹೇಳಿದಷ್ಟು ಸುಲಭವಾಗಿ ಅದು ಆಗಲಿಲ್ಲ. 'ಏನು ಮಾಡಬೇಕು ಹೇಳು, ಮಾಡುತ್ತೇನೆ' ಎಂದರು. ಹೇಳಿದೆ, ಮಾಡಿದರು. ಆದರೂ ಓದಲು ಕೂತಾಗ ನನ್ನ ತಲೆ ಬರಿದಾಗುತ್ತಿರಲಿಲ್ಲ, ಏಕೆಂದರೆ ಏನು ಮಾಡಬೇಕೆಂದು ಹೇಳುವ ಕೆಲಸ ನನ್ನ ಬಳಿಯೇ ಉಳಿದಿತ್ತು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ ಅವರು 35 ದಂಪತಿಗಳನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅದೃಶ್ಯ ದುಡಿಮೆಯನ್ನು ನಾಲ್ಕು ಹಂತಗಳಾಗಿ ಬಿಡಿಸಿದ್ದಾರೆ: ಮುಂದೆ ಏನು ಬೇಕಾದೀತೆಂದು ಮೊದಲೇ ಊಹಿಸುವುದು, ಅದನ್ನು ಪೂರೈಸುವ ದಾರಿಗಳನ್ನು ಹುಡುಕುವುದು, ಅವುಗಳಲ್ಲಿ ಒಂದನ್ನು ನಿರ್ಧರಿಸುವುದು, ಕೊನೆಗೆ ಎಲ್ಲ ಸರಿಯಾಗಿ ನಡೆಯಿತೇ ಎಂದು ಗಮನಿಸುತ್ತಿರುವುದು. ನಿರ್ಧಾರವನ್ನು ದಂಪತಿಗಳು ಹೆಚ್ಚಾಗಿ ಒಟ್ಟಿಗೇ ಮಾಡುತ್ತಾರೆ; ಊಹಿಸುವ ಮತ್ತು ಗಮನಿಸುತ್ತಿರುವ ಹೊರೆ ಮಾತ್ರ ಮುಖ್ಯವಾಗಿ ಹೆಂಡತಿಯ ಪಾಲಿಗೆ ಬರುತ್ತದೆ ಎಂದು ಅವರು ಕಂಡುಕೊಂಡರು. ನಮ್ಮ ಮನೆಯ ಚಿತ್ರವೂ ಅದೇ ಆಗಿತ್ತು. ಆದ್ದರಿಂದ ನಾವು ಕೆಲಸಗಳನ್ನು ಹಂಚಿಕೊಳ್ಳುವುದನ್ನು ನಿಲ್ಲಿಸಿ, ಜವಾಬ್ದಾರಿಗಳನ್ನು ಹಂಚಿಕೊಂಡೆವು. ಶಾಲೆಗೆ ಸಂಬಂಧಿಸಿದ ಸಮಸ್ತವೂ, ಅಂದರೆ ಶಾಲೆಯಿಂದ ಬರುವ ಸೂಚನೆ, ಶುಲ್ಕದ ಕೊನೆಯ ದಿನ, ಮರುದಿನದ ಸಮವಸ್ತ್ರ, ಪೋಷಕರ ಸಭೆ, ಯೋಜನಾ ಕಾರ್ಯಕ್ಕೆ ಬೇಕಾದ ಸಾಮಗ್ರಿ, ಇವೆಲ್ಲವೂ ನೆನಪಿಡುವುದೂ ಸೇರಿದಂತೆ ಪತಿಯದಾಯಿತು. ಮಕ್ಕಳ ಆರೋಗ್ಯದ ವಿಷಯ ನನ್ನ ಬಳಿ ಉಳಿಯಿತು. ವಾರದಲ್ಲಿ ಮೂರು ರಾತ್ರಿ ಊಟದ ನಂತರದ ಎಲ್ಲ ಕೆಲಸವೂ, ಮಕ್ಕಳನ್ನು ಮಲಗಿಸುವುದೂ ಅವರದು.

ಈ ವ್ಯವಸ್ಥೆಯಲ್ಲಿ ಅತ್ಯಂತ ಕಷ್ಟದ ಪಾಠ ಕಲಿಯಬೇಕಾಗಿ ಬಂದದ್ದು ನನಗೇ ಎಂಬುದನ್ನೂ ಹೇಳಬೇಕು. ಎರಡನೆಯ ವಾರ ಮಗಳು ಚಿತ್ರಕಲೆಯ ಹಾಳೆಗಳಿಲ್ಲದೆ ಶಾಲೆಗೆ ಹೋದಳು. ನನಗೆ ಹಿಂದಿನ ರಾತ್ರಿಯೇ ಅದು ನೆನಪಾಗಿತ್ತು. ಹೇಳಿಬಿಡಲೇ ಎಂದು ಮನಸ್ಸು ತುಡಿಯಿತು. ಹೇಳಿದರೆ ಗಮನಿಸುವ ಹೊರೆ ಮತ್ತೆ ನನ್ನ ಹೆಗಲಿಗೇ ಬರುತ್ತದೆಂದು ತಡೆದುಕೊಂಡೆ. ಅಂದು ಸಂಜೆ ಮಗಳು ಮುಖ ಊದಿಸಿಕೊಂಡು ಬಂದಾಗ ನನ್ನಷ್ಟು ಸ್ವಾರ್ಥಿ ತಾಯಿ ಬೇರೊಬ್ಬಳಿಲ್ಲ ಅನ್ನಿಸಿತು. ಆದರೆ ಅವಳ ತಂದೆ ಆ ನಂತರ ಹಾಳೆಗಳನ್ನು ಮರೆತಿಲ್ಲ. ಮರೆಯುವ ಅವಕಾಶವನ್ನೇ ಕೊಡದಿದ್ದರೆ ನೆನಪಿಟ್ಟುಕೊಳ್ಳುವ ಅಭ್ಯಾಸ ಯಾರಿಗೂ ಬರುವುದಿಲ್ಲ ಎಂದು ನಾನು ಈಗ ಗಟ್ಟಿಯಾಗಿ ನಂಬಿದ್ದೇನೆ.

ವೇಳೆ ಸಿಕ್ಕ ಮೇಲೆ ಗುರಿಯ ಮಾತು. ಏಳನ್ನು ಒಂದಕ್ಕೆ ಇಳಿಸಿದೆ. ಸಂಗೀತವನ್ನು ಕೈಬಿಡಲಿಲ್ಲ, ಪದವಿ ಮುಗಿಯುವವರೆಗೆ ಅದರ ಸರದಿ ಬರುವುದಿಲ್ಲವೆಂದು ಡೈರಿಯಲ್ಲಿ ಬರೆದೇ ಇಟ್ಟೆ. ಹೀಗೆ ಬರೆದಿಟ್ಟದ್ದರಿಂದ ದಿನವೂ ಕಾಡುತ್ತಿದ್ದ ಕೊರಗು ಎಷ್ಟು ಕಡಿಮೆಯಾಯಿತೆಂದರೆ, ಎಲ್ಲ ತಾಯಂದಿರಿಗೂ ಇದೊಂದನ್ನಾದರೂ ಮಾಡಿ ನೋಡಿ ಎಂದು ಹೇಳಬೇಕೆನಿಸುತ್ತದೆ. 'ಪದವಿ ಮುಗಿಸುತ್ತೇನೆ' ಎಂಬುದು ಆಸೆ. ಅದನ್ನು ಗುರಿಯಾಗಿಸಲು ಯಾವಾಗ, ಎಲ್ಲಿ, ಎಷ್ಟು ಎಂಬುದು ಬೇಕು. ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರು 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂಬ ರೂಪದಲ್ಲಿ ಸಂಕಲ್ಪವನ್ನು ಮೊದಲೇ ಕಟ್ಟಿಟ್ಟುಕೊಳ್ಳುವುದರ ಪರಿಣಾಮವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷಣೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಉದ್ದೇಶಕ್ಕಿಂತ ಇಂಥ ಸಂಕಲ್ಪ ಗುರಿಸಾಧನೆಗೆ ಗಣನೀಯವಾಗಿ ನೆರವಾಗುತ್ತದೆಂದು ಕಂಡುಬಂದಿತು. ನನ್ನ ಸಂಕಲ್ಪ ಹೀಗಿತ್ತು: ಮಂಗಳವಾರ, ಗುರುವಾರ ಮತ್ತು ಶನಿವಾರ ಊಟದ ತಟ್ಟೆ ಎತ್ತಿಟ್ಟ ಕೂಡಲೇ ಒಳಕೋಣೆಯ ಮೇಜಿನ ಮುಂದೆ ಕೂತು ಒಂದು ಗಂಟೆ ಓದುತ್ತೇನೆ, ಮಕ್ಕಳಲ್ಲಿ ಯಾರಿಗಾದರೂ ಜ್ವರ ಬಂದರೆ ಆ ವಾರ ದಿನಕ್ಕೆ ಹದಿನೈದು ನಿಮಿಷ ಟಿಪ್ಪಣಿಗಳನ್ನು ಮಾತ್ರ ತಿರುವಿಹಾಕುತ್ತೇನೆ. ಎರಡನೆಯ ಭಾಗ ಮೊದಲನೆಯದರಷ್ಟೇ ಮುಖ್ಯ. ಮಕ್ಕಳಿರುವ ಮನೆಯಲ್ಲಿ ಕಾಯಿಲೆಯ ವಾರಗಳು ಬಂದೇ ಬರುತ್ತವೆ; ಅವುಗಳಿಗೆ ಜಾಗವಿಲ್ಲದ ವೇಳಾಪಟ್ಟಿ ಮೊದಲ ಜ್ವರಕ್ಕೇ ಹರಿದುಹೋಗುತ್ತದೆ, ಅದರ ಜೊತೆಗೆ ಮನಸ್ಸೂ ಕುಸಿಯುತ್ತದೆ.

ನಡುನಡುವೆ ತಪ್ಪಿದ ದಿನಗಳ ಬಗ್ಗೆ ನನಗಿದ್ದ ಭಯವನ್ನು ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವೊಂದು ಹೋಗಲಾಡಿಸಿತು. 96 ಜನರಲ್ಲಿ ಹೊಸ ಅಭ್ಯಾಸಗಳು ರೂಢಿಯಾಗುವ ಬಗೆಯನ್ನು ನೋಡಿದ ಅವರಿಗೆ, ಅಭ್ಯಾಸ ನೆಲೆಯೂರಲು ಸಾಮಾನ್ಯವಾಗಿ 66 ದಿನ ಬೇಕಾಗುತ್ತದೆಂದೂ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನಗಳಿಂದ 254 ದಿನಗಳವರೆಗೂ ಬೇರೆಯಾಗುತ್ತದೆಂದೂ, ನಡುವೆ ಒಂದು ದಿನ ತಪ್ಪಿದರೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದೂ ಕಂಡಿತು. 21 ದಿನದಲ್ಲಿ ಬದುಕನ್ನೇ ಬದಲಿಸಿಕೊಳ್ಳಿ ಎಂದು ಬರೆಯುವವರು ದಯವಿಟ್ಟು ಈ 254ನ್ನೂ ಬರೆಯಬೇಕು. ಇಪ್ಪತ್ತೆರಡನೆಯ ದಿನ ಸೋತೆನೆಂದು ಕೈಚೆಲ್ಲುವ ತಾಯಂದಿರು ಎಷ್ಟೋ ಮಂದಿ ಇದ್ದಾರೆ; ಅವರಲ್ಲಿ ನಾನೂ ಒಬ್ಬಳಾಗಿದ್ದೆ.

ಓದುವಾಗ ಮಗ ಬಾಗಿಲು ತಟ್ಟುತ್ತಾನೆ, ಏಳಲೇಬೇಕಾಗುತ್ತದೆ. ಆಗ, ಮರಳಿ ಬಂದು ಮುಂದೆ ಏನು ಮಾಡಬೇಕೆಂಬುದನ್ನು ಒಂದೇ ಸಾಲಿನಲ್ಲಿ ಪುಸ್ತಕದ ಅಂಚಿನಲ್ಲಿ ಬರೆದು ಏಳುವುದನ್ನು ರೂಢಿಸಿಕೊಂಡೆ. ಹಾಗೆ ಬರೆದರೆ ಅರ್ಧಕ್ಕೆ ಬಿಟ್ಟ ಓದು ಮಗನ ಬಳಿ ಇರುವಾಗ ತಲೆಯಲ್ಲಿ ಗುಯ್‌ಗುಡುವುದಿಲ್ಲ. ಅವನ ಜೊತೆಗಿರುವ ಹತ್ತು ನಿಮಿಷ ಪೂರ್ತಿಯಾಗಿ ಅವನ ಜೊತೆಗೇ ಇರಲು ಸಾಧ್ಯವಾಗುತ್ತದೆ, ಮತ್ತು ನನಗೆ ಅದು ಪದವಿಗಿಂತ ಕಡಿಮೆಯದಲ್ಲ.

ಎಷ್ಟು ಕಾಲ ಬೇಕಾದೀತು ಎಂಬ ಅಂದಾಜಿನಲ್ಲೂ ಮೊದಲ ಸಲ ತಪ್ಪಿದ್ದೆ. ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದುಕೊಂಡಿದ್ದ ವಿದ್ಯಾರ್ಥಿಗಳಿಗೆ ನಿಜಕ್ಕೂ 55 ದಿನಗಳಿಗಿಂತ ಹೆಚ್ಚು ಹಿಡಿಯಿತೆಂದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಎಳೆಯ ಮಕ್ಕಳಿಲ್ಲದ ವಿದ್ಯಾರ್ಥಿಗಳ ಗತಿಯೇ ಹಾಗಾದರೆ ನಮ್ಮ ಮಾತೇನು? ಎರಡನೆಯ ಸಲ ನನ್ನ ಅಂದಾಜನ್ನು ದುಪ್ಪಟ್ಟು ಮಾಡಿಕೊಂಡೆ. ಒಂದು ವರ್ಷ ಎಂದುಕೊಂಡದ್ದಕ್ಕೆ ಎರಡು ವರ್ಷ ಕೊಟ್ಟೆ. ಇಪ್ಪತ್ತೊಂದು ತಿಂಗಳಲ್ಲಿ ಪದವಿ ಮುಗಿಯಿತು. ಅಷ್ಟೂ ಕಾಲ ರಾತ್ರಿ ಏಳು ಗಂಟೆ ಮಲಗಿದ್ದೇನೆ.

ಈ ಅನುಭವ ಎಲ್ಲರಿಗೂ ಹೊಂದುವುದಿಲ್ಲವೆಂಬ ಅರಿವು ನನಗಿದೆ. ಒಬ್ಬಳೇ ಮಕ್ಕಳನ್ನು ಸಾಕುತ್ತಿರುವ ತಾಯಿಗೆ ಜವಾಬ್ದಾರಿ ಹಂಚಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿರುವುದಿಲ್ಲ. ಆಕೆ ವಾರಕ್ಕೆ ಒಂದೇ ಗಂಟೆಯನ್ನು ತನಗೆಂದು ಇಟ್ಟುಕೊಳ್ಳಬೇಕಾದರೂ ಒಡಹುಟ್ಟಿದವರೋ, ಗೆಳತಿಯೋ, ಅಂಥದೇ ಸ್ಥಿತಿಯಲ್ಲಿರುವ ಇನ್ನೊಬ್ಬ ತಾಯಿಯೋ ಸರದಿಯ ಮೇಲೆ ಮಕ್ಕಳನ್ನು ನೋಡಿಕೊಳ್ಳಬೇಕಾಗುತ್ತದೆ. ಸಂಜೆ ಕಚೇರಿ ಮುಗಿಯುವ ಹೊತ್ತಿಗೆ ಸಭೆ ಕರೆಯದಷ್ಟು ವಿವೇಚನೆ ಅವಳ ಮೇಲಧಿಕಾರಿಗೂ ಇರಬೇಕಾಗುತ್ತದೆ. ಇನ್ನು ಮಡಿಲಲ್ಲಿ ಹಸುಗೂಸು ಇರುವವಳಿಗೆ ಗುರಿಗಳ ಪಟ್ಟಿಯನ್ನು ಯಾರೂ ಕೊಡಬಾರದು. ರಾತ್ರಿ ಮೂರು ಸಲ ಏಳುತ್ತಿರುವವಳು ಮೊದಲು ಮಲಗಲಿ.

ಸಂಪಾದಕರಲ್ಲಿ ನನ್ನದೊಂದು ವಿನಂತಿಯಿದೆ. ಮುಂದೆ ಯಾವುದೇ ತಾಯಿಯ ಸಾಧನೆಯ ಕುರಿತು ಲೇಖನ ಪ್ರಕಟಿಸುವಾಗ, ಆಕೆ ಎಷ್ಟು ಗಂಟೆಗೆ ಏಳುತ್ತಾಳೆ ಎಂಬುದರ ಜೊತೆಗೆ ಎಷ್ಟು ಗಂಟೆ ನಿದ್ರಿಸುತ್ತಾಳೆ, ಆಕೆ ತನ್ನ ಗುರಿಗೆಂದು ಕೂತ ಹೊತ್ತಿನಲ್ಲಿ ಮನೆಯನ್ನು ನೋಡಿಕೊಂಡವರು ಯಾರು ಎಂಬುದನ್ನೂ ಕೇಳಿ ಬರೆಯಿಸಬೇಕು. ಹಾಗೆಯೇ, ಮನೆಯ ಯಾವುದಾದರೂ ಒಂದು ಜವಾಬ್ದಾರಿಯನ್ನು ನೆನಪಿಡುವುದರಿಂದ ಹಿಡಿದು ಮುಗಿಸುವವರೆಗೆ ತಾವೇ ಹೊತ್ತುಕೊಂಡಿರುವ ತಂದೆಯಂದಿರಿಂದ ಬರಹಗಳನ್ನು ಆಹ್ವಾನಿಸಬೇಕು. ಮೊದಲ ವಾರಗಳಲ್ಲಿ ಅವರು ಏನೇನು ಮರೆತರು, ಆಮೇಲೆ ಹೇಗೆ ನೆನಪಿಟ್ಟುಕೊಂಡರು ಎಂಬುದು ಬೇರೆ ಮನೆಗಳಿಗೆ ಬಹಳ ಪ್ರಯೋಜನವಾದೀತು. ನನ್ನ ಪತಿ ಅಂಥದೊಂದು ಬರಹ ಕಳುಹಿಸಲು ಒಪ್ಪಿದ್ದಾರೆ.

ಇಂತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಇಬ್ಬರು ಮಕ್ಕಳ ತಾಯಿ