ಹಬ್ಬಕ್ಕೆ ಊರಿಗೆ ಹೊರಟಾಗ ಬೆಕ್ಕಿನ ಇನ್ಸುಲಿನ್

ಮಾನ್ಯರೇ,

ದೀಪಾವಳಿಗೆ ಊರಿಗೆ ಹೊರಡುವ ತುಮಕೂರಿನವರು ಸಕ್ಕರೆ ಕಾಯಿಲೆಯ ಬೆಕ್ಕನ್ನು ಪಕ್ಕದ ಮನೆಯವರಿಗೆ ಒಪ್ಪಿಸುವಾಗ ಸಿರಿಂಜನ್ನೂ ತೋರಿಸಿಕೊಡಿ. ಎಡವಟ್ಟಾಗುವುದು ಅಲ್ಲೇ. ಮಿಲಿಲೀಟರಿಗೆ 100 ಯೂನಿಟ್‌ ಇರುವ ಇನ್ಸುಲಿನ್ನನ್ನು ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ನಿಗೆಂದೇ ಗೆರೆ ಹಾಕಿದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಒಳಹೋಗುವುದು 2 ಅಲ್ಲ, 5 ಯೂನಿಟ್. ಪುಟ್ಟ ಜೀವಕ್ಕೆ ಅದೇ ಕುತ್ತು.

12 ಗಂಟೆಗೊಮ್ಮೆ, ಮೊದಲು ಊಟ, ಆಮೇಲೆ ಸೂಜಿ. ಪಟಾಕಿ ಸದ್ದಿಗೆ ಮಂಚದಡಿ ಸೇರಿ ತಿನ್ನದಿದ್ದರೆ ಪೂರ್ತಿ ಡೋಸ್ ಬೇಡ, ಪಶುವೈದ್ಯರನ್ನು ಕೇಳಿ. ತಪ್ಪಿದ ಡೋಸಿಗೆಂದು ಮುಂದಿನದನ್ನು ಇಮ್ಮಡಿ ಮಾಡುವುದಂತೂ ಬೇಡವೇ ಬೇಡ. ರಕ್ತದ ಸಕ್ಕರೆ ಕುಸಿದು ತೂರಾಡಿದರೆ, ನಡುಗಿದರೆ ಒಸಡಿಗೆ ಜೇನು ಸವರಿ ಆಸ್ಪತ್ರೆಗೆ ಓಡಿ. ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಲ್ಲ. ಹಾಲು-ಹೋಳಿಗೆಯ ಅಕ್ಕರೆ ಬೇಡ. ನಿತ್ಯದ ಆಹಾರವನ್ನೇ ಹೊತ್ತಿಗೊಂದು ಡಬ್ಬಿಯಂತೆ ತೂಗಿಟ್ಟು ಹೋಗಿ.

– ಓದುಗರು, ತುಮಕೂರು