ಹತ್ತನೇ ತರಗತಿ ಪೋಷಕರಿಗೆ: ಆಂಬ್ಯುಲೆನ್ಸ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಶಾಲೆಯ ಗೇಟಿನ ಹತ್ತಿರ ಯಾರೋ ಮಕ್ಕಳ ಕೈಗೆ ಪಾಂಪ್ಲೆಟ್ ಕೊಟ್ಟು ಹೋಗಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು, ಮೂರೇ ತಿಂಗಳಲ್ಲಿ ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್), 108 ಆಂಬ್ಯುಲೆನ್ಸ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ಅದರಲ್ಲಿದೆ. ನಿಮ್ಮಲ್ಲಿ ಕೆಲವರು ಆಗಲೇ ಅಡ್ವಾನ್ಸ್ ಕಟ್ಟಲು ಹೊರಟಿದ್ದೀರಂತೆ. ದಯವಿಟ್ಟು ಸ್ವಲ್ಪ ತಡೆಯಿರಿ.

ಕೆಲಸ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. 2008ರಿಂದ ನಮ್ಮ ರಾಜ್ಯದಲ್ಲಿ 108 ಓಡುತ್ತಿದೆ. ಗಾಡಿ ಓಡಿಸುವವರನ್ನು ಪೈಲಟ್ ಅಂತಾರೆ. ಹಿಂದೆ ರೋಗಿಯ ಪಕ್ಕ ಕೂರುವವರೇ ಇಎಂಟಿ. ಬಿಪಿ ನೋಡಬೇಕು, ಆಕ್ಸಿಜನ್ ಹಾಕಬೇಕು, ರಕ್ತ ನಿಲ್ಲಿಸಬೇಕು, ಮುರಿದ ಕಾಲು ಅಲುಗದ ಹಾಗೆ ಕಟ್ಟಬೇಕು. ಒಮ್ಮೊಮ್ಮೆ ದಾರಿಯಲ್ಲೇ ಹೆರಿಗೆ ಆಗಿಬಿಡುತ್ತದೆ. ಡಾಕ್ಟರ್ ಫೋನಿನಲ್ಲಿ ಹೇಳಬಹುದು, ಮಾಡಬೇಕಾದ ಕೈ ಮಾತ್ರ ಇವರದೇ.

ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ತರಗತಿ ನಡೆದಾಗ ಗೊಂಬೆಯ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ವಿಧಾನ, ಮಾಡಿಸಿದರು. ನಿಮಿಷಕ್ಕೆ 100ರಿಂದ 120 ಸಲ, ಕಡಿಮೆ ಅಂದರೂ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ನಮ್ಮ ಕಬಡ್ಡಿ ಟೀಮಿನ ಹುಡುಗ ಜೋರಾಗೇ ಶುರುಮಾಡಿದ. ಎರಡನೇ ನಿಮಿಷಕ್ಕೆ ಮೊಣಕೈ ಮಡಚಿತು, ಎಣಿಕೆ ತಪ್ಪಿತು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅನ್ನುವುದು ಇದಕ್ಕೇ. ಇದೆಲ್ಲ ಸುಮ್ನೆ ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ.

ಹಾಗಾದರೆ ದಾರಿ ಯಾವುದು? ಆರೋಗ್ಯ ಕ್ಷೇತ್ರದ ಕೌಶಲ ತರಬೇತಿ ನೋಡಿಕೊಳ್ಳುವ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಇಎಂಟಿ ಬೇಸಿಕ್ ಕೋರ್ಸ್ ಸಾಮಾನ್ಯವಾಗಿ ಪಿಯುಸಿ ಆದವರಿಗೆ. ಸೈನ್ಸ್ ಓದಿದ್ದರೆ ಇನ್ನೂ ಅನುಕೂಲ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಸೇರಲೇಬೇಕು ಅಂದರೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಡಿಪ್ಲೊಮಾಗಳಿವೆ, ಆದರೆ ಅವು ವರ್ಷಗಟ್ಟಲೆಯ ಓದು. ನರ್ಸಿಂಗ್ ಮುಗಿಸಿ ಆಂಬ್ಯುಲೆನ್ಸ್‌ಗೆ ಬಂದವರೂ ಇದ್ದಾರೆ. ಡಾಕ್ಟರ್, ನರ್ಸ್ ಬಿಟ್ಟು ಉಳಿದ ಆರೋಗ್ಯ ವೃತ್ತಿಗಳಿಗಾಗಿ ಮಾಡಿದ 2021ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಈ ವೃತ್ತಿಯೂ ಸೇರಿದೆ. ಹಾಗಾಗಿ ಸರ್ಟಿಫಿಕೇಟ್ ಮೇಲೆ ಯಾರ ಮುದ್ರೆ ಇದೆ ಅನ್ನುವುದಕ್ಕೆ ಬೆಲೆ ಜಾಸ್ತಿ.

ಪಾಂಪ್ಲೆಟ್‌ನವರನ್ನು ಅದನ್ನೇ ಕೇಳಿ. ಪರೀಕ್ಷೆ ನಡೆಸುವವರು ಯಾರು, ಸರ್ಟಿಫಿಕೇಟ್ ಕೊಡುವವರು ಯಾರು? ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ಆಂಬ್ಯುಲೆನ್ಸ್‌ನಲ್ಲಿ ಎಷ್ಟು ದಿನ ನಿಲ್ಲಿಸಿ ಕಲಿಸುತ್ತಾರೆ? ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ಕೆಲಸ ಗ್ಯಾರಂಟಿ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಇದು ಹೆಣ್ಣುಮಕ್ಕಳಿಗೆ ಆಗುವ ಕೆಲಸ ಅಲ್ಲ ಅಂತ ಒಬ್ಬ ತಂದೆ ಹೇಳಿದರು. ನೈಟ್ ಶಿಫ್ಟ್ ಇರುತ್ತದೆ, ನಿಜ. ಆದರೆ ಗಾಡಿಯಲ್ಲಿ ಹೆರಿಗೆ ನೋವು ತಿನ್ನುವ ಹೆಂಗಸಿಗೆ ಪಕ್ಕದಲ್ಲಿ ಯಾರಿದ್ದರೆ ಧೈರ್ಯ, ನೀವೇ ಹೇಳಿ. ಮಾರ್ಕ್ಸ್ ಕಡಿಮೆ ಬಂತು ಅಂತ ಮಾತ್ರ ಯಾವ ಮಗುವನ್ನೂ ಇದಕ್ಕೆ ತಳ್ಳಬೇಡಿ. ರಕ್ತ ಕಂಡರೆ ತಲೆಸುತ್ತುವ ಮಕ್ಕಳೂ ಇದ್ದಾರೆ, ಅಲ್ವಾ.

ಈ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ. ಪಾಂಪ್ಲೆಟ್ ತನ್ನಿ, ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ. ಅದರಲ್ಲಿರುವ ನಂಬರ್‌ಗೆ ನಿಮ್ಮೆದುರೇ ಫೋನ್ ಮಾಡಿ ಕೇಳೋಣ.

ಇಂತಿ,
ಮುಖ್ಯೋಪಾಧ್ಯಾಯಿನಿ